ಸೇವಂತಿಯ ಮೊದಲ ಕರೆ

ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳಿಬಿಡುತ್ತೇನೆ. ಮೊದಲು ಬಂದದ್ದು ಇಟ್ಟಿಗೆ ಗೂಡಿನ ಬೇಸಿಗೆ. ಆಗ ನನಗೆ ಇನ್ನೂ ಮೀಸೆ ಚಿಗುರುತ್ತಿತ್ತು. ಅದರ ಹಿಂದೆ ಬಂದದ್ದು ಏನೂ ನಡೆಯದಂತೆ ನೋಡಿಕೊಂಡ ಹಲವು ವರ್ಷಗಳು. ಏನೂ ನಡೆಯದಂತೆ ನೋಡಿಕೊಳ್ಳುವುದು ಎಷ್ಟು ದೊಡ್ಡ ಕೆಲಸವೆಂಬುದು ನನ್ನ ಅತ್ತಿಗೆ ಕಾಶವ್ವನಿಗೆ ಮಾತ್ರ ಗೊತ್ತು. ಕೊನೆಯದು ಶಾಲೆ ತೆರೆಯುವ ದಿನದ ಬೆಳಗು, ಹಾಲಿನವರು ದಾಟಿ ಮುಗಿದು ತರಕಾರಿಯವರು ದಾಟುವುದಕ್ಕೆ ಮೊದಲಿನ ಆ ಸ್ವಲ್ಪ ಹೊತ್ತು. ಈ ಮೂರರಲ್ಲಿ ಮೊದಲನೆಯದು ಬಹಳ ಕಾಲ ಮೂವರಿಗಷ್ಟೇ ತಿಳಿದಿತ್ತು: ಅತ್ತಿಗೆಗೆ, ಅವರ ಗಂಡನಾದ ನನ್ನ ಅಣ್ಣ ಚೆನ್ನಿಗಪ್ಪನಿಗೆ ಮತ್ತು ನನಗೆ. ಈಗ ಅವರ ಮಗಳು ಸೇವಂತಿಗೂ ತಿಳಿದಿದೆ. ಅತ್ತಿಗೆಯೇ ಅವಳನ್ನು ಕೂರಿಸಿಕೊಂಡು ಹೇಳಿದರು. ಬೇರೆಯವರಿಗೂ ಹೇಳಬಹುದೆಂದು ಅವಳು ಒಪ್ಪಿದ್ದರಿಂದ ನಾನು ಹೇಳುತ್ತಿದ್ದೇನೆ.

ನಮ್ಮ ಮನೆಗಳೆಲ್ಲ ಹೊಳೆಯ ಪಡುವಣ ದಡದಲ್ಲಿವೆ. ಸಂತೆಮಾಳ, ಕಚೇರಿ, ಪ್ರೌಢಶಾಲೆ, ಬಸ್ಸು ನಿಲ್ಲುವ ಜಾಗ ಮೂಡಣ ದಡದಲ್ಲಿವೆ. ನಡುವೆ ಹಗ್ಗಕ್ಕೆ ಹಲಗೆ ಕಟ್ಟಿದ ಸೇತುವೆ. ಎದುರು ದಡದಿಂದ ಯಾರೂ ಕರೆಯದೆ ಅದರ ಮೇಲೆ ಕಾಲಿಟ್ಟರೆ ಹಗ್ಗ ಸಡಿಲಗೊಂಡು ಹಲಗೆಗಳು ನೆನೆದ ಬಟ್ಟೆಯಂತೆ ಜೋತುಬೀಳುತ್ತವೆ. ಕರೆದರೆ ಬಿಗಿಯುತ್ತವೆ; ಆಗ ಅಕ್ಕಿಮೂಟೆ ಹೊತ್ತವನೂ ಕಲ್ಲುಚಪ್ಪಡಿಯ ಮೇಲೆ ನಡೆದಂತೆ ನಡೆದುಹೋಗುತ್ತಾನೆ. ಕರೆಯುವುದು ಹೆಸರು ಹಿಡಿದಲ್ಲ, ಮನುಷ್ಯ ಎಂಬ ಮಾತು ಹಿಡಿದು. ಹೆಣ್ಣಿಗೂ ಗಂಡಿಗೂ ಅದೇ ಮಾತು. ಆದರೆ ದಾಟುವವರ ಕೇರಿಯಲ್ಲಿ ಆ ಮಾತನ್ನು ಹೇಗೆ ಆಡುತ್ತಾರೋ ಹಾಗೆಯೇ ಆಡಬೇಕು. ನಮ್ಮ ಹೊಳೆಕೇರಿಯವರಿಗೆ ‘ಮನ್ಸ’ ಅನ್ನಬೇಕು. ದಿಬ್ಬದ ಓಣಿಯವರಿಗೆ ‘ಮನಶ್ಯಾ’. ಉಪ್ಪಿನಪೇಟೆಯವರು ‘ಮನ್ಷ’ ಎಂದರೆ ಬರುತ್ತಾರೆ, ಸುಣ್ಣದಹಟ್ಟಿಯವರು ‘ಮಣಸ’ ಎಂದರೆ. ಯಾರು ಕರೆದರೂ ಸೇತುವೆಗೆ ಆದೀತು. ಆದರೆ ನೀರಿನ ಸದ್ದನ್ನು ಸೀಳಿಕೊಂಡು ಹೋಗುವ ಗಂಟಲು ಎಲ್ಲರಿಗೂ ಇರುವುದಿಲ್ಲವಾದ್ದರಿಂದ ಎರಡು ದಡಗಳಲ್ಲೂ ಒಬ್ಬೊಬ್ಬ ಕರೆಗಾರನನ್ನು ಇಟ್ಟಿದ್ದಾರೆ.

ಮೂಡಣ ದಡದ ಕರೆಗಾರ ತಿಪ್ಪಯ್ಯ. ಎಲ್ಲ ಕೇರಿಯ ಮಾತೂ ಅವನ ನಾಲಗೆಯ ಮೇಲಿತ್ತು. ಜೊತೆಗೆ ಎಲ್ಲ ಕೇರಿಯ ಬೈಗುಳವೂ. ಸಂತೆಯ ದಿನ ಅವನಿಗೆ ಗಂಟಲು ಕಟ್ಟಿತೆಂದರೆ ತರಕಾರಿ ಹೆಂಗಸರು ಬಿಸಿನೀರು, ಶುಂಠಿ, ಬೆಲ್ಲ ಹಿಡಿದು ಕಾಯುತ್ತಿದ್ದರು, ಅವನು ಒಂದೊಂದನ್ನೂ ರುಚಿ ನೋಡಿ ಇನ್ನೂ ಸ್ವಲ್ಪ ಬೇಕು ಅನ್ನುತ್ತಿದ್ದ. ಒಮ್ಮೆ ಎಲ್ಲಿಂದಲೋ ಬಂದ ಶಾಲಾ ತನಿಖಾಧಿಕಾರಿಯೊಬ್ಬರು ತಮ್ಮನ್ನು ಶುದ್ಧವಾಗಿ ‘ಮನುಷ್ಯ’ ಎಂದೇ ಕರೆಯಬೇಕೆಂದು ಹಟ ಹಿಡಿದರು. ಪಡುವಣ ದಡದ ಕರೆಗಾರ ಶುದ್ಧವಾಗಿಯೇ ಕರೆದ. ಹಲಗೆ ಅಲುಗಲಿಲ್ಲ. ಬಿಸಿಲೇರಿದ ಮೇಲೆ ಅವರು ಅತ್ತಿತ್ತ ನೋಡಿ, ತಮ್ಮ ತಂದೆಯ ಊರಿನಲ್ಲಿ ‘ಮನ್ಸಾ’ ಅನ್ನುತ್ತಿದ್ದರೆಂದು ತಗ್ಗಿದ ದನಿಯಲ್ಲಿ ತಿಪ್ಪಯ್ಯನಿಗೆ ತಿಳಿಸಿದರು. ತಿಪ್ಪಯ್ಯ ಅದನ್ನು ತಗ್ಗಿಸದ ದನಿಯಲ್ಲಿ ಎದುರು ದಡಕ್ಕೆ ತಿಳಿಸಿದ. ಅಧಿಕಾರಿಗಳು ದಾಟಿದರು.

ಹೀಗಾಗಿ ಈ ಮಾತು ತಂದೆಯಿಂದ ಇಳಿದು ಬರುತ್ತದೆ, ಹೊಲಮನೆ ಇಳಿದು ಬಂದ ಹಾಗೆ, ಎಂದು ಊರು ನಂಬಿತ್ತು. ಮದುವೆಯಾಗಿ ಬೇರೆ ಕೇರಿಗೆ ಬಂದ ಹೆಣ್ಣನ್ನು ಕೊನೆಯವರೆಗೂ ತವರಿನ ಮಾತಿನಿಂದಲೇ ಕರೆಯುತ್ತಿದ್ದರು. ಅತ್ತಿಗೆ ದಿಬ್ಬದ ಓಣಿಯ ಮಗಳು. ನಮ್ಮ ಮನೆ ತುಂಬಿ ಎಷ್ಟು ವರ್ಷವಾದರೂ ಸೇತುವೆಯ ಮುಂದೆ ನಿಂತಾಗ ಅವರು ‘ಮನಶ್ಯಾ’ ಆಗಿಯೇ ಇದ್ದರು. ಮಕ್ಕಳಿಗೆ ಹಾಲುಹಲ್ಲು ಬಿದ್ದ ವರ್ಷ ಮೊದಲ ಕರೆ. ತಾಯಿತಂದೆ ಮುಂಚೆ ದಾಟಿ ಮೂಡಣ ದಡದಲ್ಲಿ ನಿಲ್ಲುತ್ತಾರೆ. ಮನೆಯವರೊಬ್ಬರು ಮಗುವಿನ ಕೈಹಿಡಿದು ಈಚೆ ದಡದಲ್ಲಿ ನಿಲ್ಲುತ್ತಾರೆ. ಕರೆಗಾರ ತಂದೆಯ ಮಾತಿನಿಂದ ಕರೆಯುತ್ತಾನೆ, ಮಗು ದಾಟುತ್ತದೆ, ಮಂಡಕ್ಕಿ ಹಂಚುತ್ತಾರೆ. ಆದರೆ ತಂದೆಯ ಮಾತಿಗೆ ಹಲಗೆ ಬಿಗಿಯದಿದ್ದರೆ ಕರೆಗಾರ ಅಲ್ಲಿಗೇ ನಿಲ್ಲಿಸಿ, ತಂದೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಒಂದು ಪ್ರಶ್ನೆ ಕೇಳಬೇಕು: ಮಗು ಯಾರದು? ತಂದೆ ಅಲ್ಲೇ ಉತ್ತರ ಹೇಳಬೇಕು. ನಾನು ಹುಟ್ಟುವ ಮೊದಲು ಗಾಣಿಗರ ಬೀದಿಯಲ್ಲಿ ಒಬ್ಬನಿಗೆ ಆ ಪ್ರಶ್ನೆ ಬಿದ್ದಿತ್ತಂತೆ. ಅವನ ಮನೆಯ ಗೋಡೆ ಈಗಲೂ ಇದೆ. ಒಳಗೆ ಎಕ್ಕದ ಗಿಡ ಬೆಳೆದಿದೆ.

ಇನ್ನು ಇಟ್ಟಿಗೆ ಗೂಡಿನ ವಿಷಯ. ಅತ್ತಿಗೆಗೆ ಬಸಿರು ನಿಲ್ಲುತ್ತಿರಲಿಲ್ಲ. ಆ ಸಲ ಏಳು ತಿಂಗಳು ತುಂಬಿತ್ತು, ತವರಿಗೆ ಹೋಗಿದ್ದರು. ಅಲ್ಲಿ ಅದೂ ಹೋಯಿತು. ತವರಿನಲ್ಲಿ ಇದ್ದವರು ಮುದಿ ತಾಯಿಯೊಬ್ಬರೇ, ಅವರು ಈ ಗುಟ್ಟನ್ನು ಹೊರಗೆ ಬಿಡದೆಯೇ ಆ ವರ್ಷ ತೀರಿಕೊಂಡರು. ದಿಬ್ಬದ ಆಚೆ ಬಯಲಿನಲ್ಲಿ ಎಲ್ಲಿಂದಲೋ ಬಂದವರು ಇಟ್ಟಿಗೆ ಸುಡುತ್ತಿದ್ದರು. ಅವರಲ್ಲಿ ಒಬ್ಬಳು ಗಂಡನನ್ನು ಕಳೆದುಕೊಂಡವಳು, ಮೂರು ಮಕ್ಕಳ ಮೇಲೆ ನಾಲ್ಕನೆಯದನ್ನು ಹೆತ್ತಿದ್ದಳು. ಅತ್ತಿಗೆ ತಮ್ಮ ಕಟ್ಟಿದ ಎದೆಹಾಲನ್ನು ಆ ಕೂಸಿಗೆ ಕುಡಿಸಲು ದಿನವೂ ಹೋಗತೊಡಗಿದರು. ಗೂಡು ಆರಿ, ಜನ ಗಂಟುಮೂಟೆ ಕಟ್ಟಿದ ದಿನ ಆ ಹೆಂಗಸು ಕೂಸನ್ನು ಅತ್ತಿಗೆಯ ಮಡಿಲಲ್ಲೇ ಬಿಟ್ಟಳು. ‘ಇದನ್ನೊಂದು ಮಾನಿಸ ಮಾಡು ತಾಯಿ’ ಎಂದಳು. ಅವಳು ಆಡಿದ್ದು ಅಷ್ಟೇ. ಅಣ್ಣ ಮತ್ತು ನಾನು ಬುತ್ತಿ ತೆಗೆದುಕೊಂಡು ಹೋದವರು ಅಲ್ಲೇ ಇದ್ದೆವು. ಅಣ್ಣ ಕೂಸನ್ನು ನೋಡಿದ, ಅತ್ತಿಗೆಯನ್ನು ನೋಡಿದ, ತನ್ನ ಹೆಗಲ ಮೇಲಿನ ಟವೆಲು ತೆಗೆದು ಕೂಸಿಗೆ ಬಿಸಿಲು ಬೀಳದಂತೆ ಹಿಡಿದ. ಬಾಣಂತನ ಮುಗಿಸಿಕೊಂಡು ಮಗುವಿನೊಂದಿಗೆ ಬಂದ ಸೊಸೆಯನ್ನು ಹೊಳೆಕೇರಿ ಆರತಿ ಎತ್ತಿ ಒಳಗೆ ಕರೆದುಕೊಂಡಿತು.

ಮಗುವಿಗೆ ಹಾಲುಹಲ್ಲು ಬೀಳುವವರೆಗೆ ಮನೆಯಲ್ಲಿ ನಗುವೇ ನಗು. ಮೊದಲ ಹಲ್ಲು ಬಿದ್ದ ದಿನ ಅತ್ತಿಗೆ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. ಸೇತುವೆಗೆ ‘ಮಾನಿಸ’ ಎಂಬ ಮಾತೇ ಬೇಕಾದರೆ? ಹೊಳೆಕೇರಿಯಲ್ಲಾಗಲಿ ದಿಬ್ಬದ ಓಣಿಯಲ್ಲಾಗಲಿ ಆ ಮಾತು ಇರಲಿಲ್ಲ. ಅಂದಿನಿಂದ ಸೇವಂತಿಗೆ ಮೊದಲ ಕರೆಯ ಮುಹೂರ್ತ ಹತ್ತಿರವಾದಾಗಲೆಲ್ಲ ಕಾಯಿಲೆ ಬರತೊಡಗಿತು. ದಡಾರ ಎರಡು ಸಲ ಬಂತು. ಕಿವಿ ಸೋರಿತು. ನೀರು ಕಂಡರೆ ತಲೆ ತಿರುಗುತ್ತದೆಂದಾಯಿತು. ಇದನ್ನು ಹೇಳುವಾಗ ಹುಡುಗಿ ಅತ್ತಿಗೆಯ ಬೆನ್ನಹಿಂದೆ ಹೊಳೆಗೆ ಧುಮುಕುತ್ತಿದ್ದಳು. ಜೊತೆಯ ಮಕ್ಕಳು ಅವಳಿಗೆ ಗೂಟ ಎಂದು ಹೆಸರಿಟ್ಟರು, ಈಚೆ ದಡದಲ್ಲಿ ನೆಟ್ಟ ಗೂಟ. ಸೇವಂತಿ ಮನೆಗೆ ಬಂದು, ನನಗೆ ಗಡ್ಡ ಬಂದ ಮೇಲೆ ಕಳಿಸುತ್ತೀಯೇನವ್ವ ಎಂದು ಕೇಳಿದಳು. ಅತ್ತಿಗೆ ಅವಳ ಜಡೆಯನ್ನು ಮಾಮೂಲಿಗಿಂತ ಬಿಗಿಯಾಗಿ ಎಳೆದು ಕಟ್ಟಿದರು.

ಈಚೆ ದಡದ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಸೇವಂತಿ ಮೊದಲನೆಯವಳಾಗಿ ಪಾಸಾದ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅವಳು ಹೊಲಿಗೆ ಕಲಿಯಲಿ, ಮೆಷಿನ್ನು ಕೊಡಿಸುತ್ತೇನೆ ಎಂದ ಅಣ್ಣ. ಅವನು ಮಾತು ಕಡಿಮೆಯ ಮನುಷ್ಯ. ಹೆದರಿದಾಗ ಮಾತ್ರ ಹೀಗೆ ಬೇಗ ಬೇಗ ಏನಾದರೂ ಕೊಡಿಸುತ್ತೇನೆ ಅನ್ನುತ್ತಾನೆ. ಸೇವಂತಿ ಕೇಳಿಸಿಕೊಂಡು ತಟ್ಟೆಯ ಮುಂದಿನಿಂದ ಎದ್ದುಹೋದಳು. ಅತ್ತಿಗೆ ತಾವೂ ಎದ್ದು, ಹಿತ್ತಲಿನಲ್ಲಿ ಪಾತ್ರೆ ಉಜ್ಜುತ್ತ ಬಹಳ ಹೊತ್ತು ಕುಳಿತಿದ್ದರು. ಆಮೇಲೆ ನನ್ನನ್ನು ಕರೆದರು.

‘ತಮ್ಮಾ, ಆಕಿ ದಾಟ್ಲಿ,’ ಎಂದರು. ‘ನೀ ಈ ದಂಡಿಮ್ಯಾಲೆ ಆಕಿ ಕೈ ಹಿಡಕೊಂಡು ನಿಂದ್ರು. ಹಲಗಿ ಬಿಗೀಲಿಲ್ಲಂದ್ರ ಬಿಡಬ್ಯಾಡ.’

‘ಆಮೇಲೆ, ಅತ್ತಿಗೆ? ತಿಪ್ಪಯ್ಯ ಅಣ್ಣನ್ನ ಕೇಳ್ತಾನಲ್ಲ.’

‘ಕೇಳೂದ್ರಾಗ ನಾನ ಕರೀತೀನಿ. ಆಕಿನ್ನ ಹೆತ್ತಾಕಿ ಆಡಿದ ಮಾತು ನನ್ನ ಕಿವ್ಯಾಗ ಐತಿ. ಅದನ್ನ ಅಂತೀನಿ. ಊರಿಗೆ ಗೊತ್ತಾಗ್ತದ, ಆಗ್ಲಿ. ಎಕ್ಕದ ಗಿಡ ಬೆಳೀತದ, ಬೆಳೀಲಿ. ನನ್ನ ಸಲುವಾಗಿ ಆ ಕೂಸು ಈ ದಂಡಿಗೇ ಯಾಕ ಕುಂದ್ರಬೇಕು?’

ಮಾತು ಮುಗಿಸಿ ಅವರು ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಲು ತೊಡಗಿದರು. ಅವರನ್ನು ಕಾಡುತ್ತಿದ್ದುದು ಊರಿನ ಮಾತಲ್ಲವೆಂದು ನನಗೆ ಆಗ ಅರ್ಥವಾಯಿತು. ತಮ್ಮ ಬಾಯಿಂದಲೇ ಆ ಮಾತನ್ನು ಆಡಿ, ಹಲಗೆ ಅದಕ್ಕೇ ಬಿಗಿದುಬಿಟ್ಟರೆ, ಇಷ್ಟು ವರ್ಷ ಉಣಿಸಿದ್ದು, ಬಾಚಿದ್ದು, ಕಾಯಿಲೆಯ ಸುಳ್ಳಿನ ನಡುವೆ ನಿಜವಾದ ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡದ್ದು ಯಾವುದೂ ಲೆಕ್ಕಕ್ಕಿಲ್ಲವೆಂದು ಸೇತುವೆಯೇ ಹೇಳಿದಂತಾಗುತ್ತಿತ್ತು. ಹುಡುಗಿ ಅದನ್ನು ಅಲ್ಲೇ, ಆ ಹಲಗೆಗಳ ಮೇಲೆ ನಿಂತು ತಿಳಿಯಬೇಕಾಗುತ್ತಿತ್ತು.

ಶಾಲೆ ತೆರೆಯುವ ದಿನ ಬೆಳಗ್ಗೆ ಅತ್ತಿಗೆ ಮತ್ತು ಅಣ್ಣ ಮುಂಚೆ ದಾಟಿದರು. ಹದಿಮೂರು ವರ್ಷದ ಹುಡುಗಿಗೆ ಮೊದಲ ಕರೆ ಎಂದರೆ ಊರಿಗೆ ನೋಡುವ ವಿಷಯವೇ ಆಗಿತ್ತು. ಎರಡು ದಡದಲ್ಲೂ ಜನ ಸೇರಿದ್ದರು. ಹಾಲು ಹಾಕಿ ಮುಗಿಸಿದವರು ಖಾಲಿ ಕ್ಯಾನಿನ ಮೇಲೆ ಕುಳಿತಿದ್ದರು, ತರಕಾರಿಯವರು ತಮ್ಮ ಸರದಿ ಬಿಟ್ಟುಕೊಟ್ಟು ಬುಟ್ಟಿ ಇಳಿಸಿದ್ದರು. ಹೊಳೆ ನಮ್ಮಲ್ಲಿ ಕಿರಿದು. ಆಚೆಯವರ ಮುಖ ಕಾಣುತ್ತದೆ, ಗಟ್ಟಿಯಾಗಿ ಆಡಿದ ಮಾತು ಕೇಳುತ್ತದೆ. ಅತ್ತಿಗೆ ಸೇತುವೆಯ ಕಂಬವನ್ನು ಹಿಡಿದು ನಿಂತಿದ್ದರು. ಸೇವಂತಿ ಹೊಸ ಸಮವಸ್ತ್ರದಲ್ಲಿ ನನ್ನ ಪಕ್ಕ ನಿಂತು, ಕೈ ಬಿಡು ಚಿಕ್ಕಪ್ಪ, ನಾನೇನು ಕರುವಾ ಎಂದು ಕೊಸರುತ್ತಿದ್ದಳು. ಮೊದಲ ಹಲಗೆಯ ಮೇಲೆ ಕಾಲಿಡುವುದು ಪದ್ಧತಿ. ಇಟ್ಟಳು.

ತಿಪ್ಪಯ್ಯ ಗಂಟಲು ಸರಿಮಾಡಿಕೊಂಡು, ‘ಬಾರವ್ವಾ ಮನ್ಸ’ ಎಂದು ಹೊಳೆಯ ಉದ್ದಕ್ಕೂ ಕೇಳುವಂತೆ ಕರೆದ.

ಹಗ್ಗ ಅಲುಗಲಿಲ್ಲ. ಅವಳ ಕಾಲ ಕೆಳಗಿನ ಹಲಗೆ ನಿಧಾನವಾಗಿ ಕೆಳಕ್ಕೆ ಇಳಿಯಿತು. ನಾನು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ತಿಪ್ಪಯ್ಯ ತನ್ನ ಉಚ್ಚಾರದಲ್ಲೇ ತಪ್ಪಿರಬಹುದೆಂದು ಇನ್ನೊಮ್ಮೆ ಕರೆದ. ಹಾಗೆ ಎರಡನೆಯ ಸಲ ಕರೆಯುವುದು ಪದ್ಧತಿಯಲ್ಲಿಲ್ಲ. ಅವನಿಗೂ ಮುಂದಿನದು ಬೇಡವಾಗಿತ್ತು. ಆಮೇಲೆ, ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ, ಅವನು ಅಣ್ಣನ ಕಡೆ ತಿರುಗಿಬಿಟ್ಟ.

‘ಚೆನ್ನಿಗಪ್ಪ, ಕೇಳ್ಬೇಕಾಗೈತೆ, ಕೇಳ್ತೀನಿ. ಮಗು ಯಾರದು?’

ಅಣ್ಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಸುಳ್ಳು ಹೇಳಲು ಅವನಿಗೆ ಬರುವುದಿಲ್ಲ, ನಿಜ ಹೇಳಲು ನಾಲಗೆ ಏಳಲಿಲ್ಲ. ಎರಡು ದಡವೂ ಅವನನ್ನೇ ನೋಡುತ್ತಿತ್ತು, ಸೇವಂತಿಯೂ ನೋಡುತ್ತಿದ್ದಳು. ತನ್ನದೆಂದು ಒಂದು ಮಾತು ಹೇಳಲು ಅಪ್ಪನಿಗೆ ಇಷ್ಟು ಹೊತ್ತು ಯಾಕೆ ಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವಳು ನನ್ನ ಹಿಡಿತದಿಂದ ಕೈ ಕಿತ್ತುಕೊಂಡು ಅಪ್ಪನತ್ತ ಓಡಿದಳು.

ಕರೆಯಿಲ್ಲದ ಸೇತುವೆಯ ಮೇಲೆ ಯಾರೂ ಓಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹಲಗೆಗಳು ಒಂದೊಂದಾಗಿ ಅವಳ ಕಾಲಿಗೆ ಸಿಕ್ಕಿದಂತೆ ಮಾಡಿ ಜಾರಿದವು. ನಡುಹೊಳೆಗೆ ಇನ್ನೂ ಸ್ವಲ್ಪ ದೂರವಿರುವಾಗ ಅವಳು ಮೊಣಕಾಲೂರಿ ಬಿದ್ದು, ಹಗ್ಗ ಹಿಡಿದು ಎದ್ದು, ಮತ್ತೆ ಓಡಲು ಹೊರಟಳು. ಒಂದು ಚಪ್ಪಲಿ ನೀರಿಗೆ ಬಿತ್ತು. ಅಲ್ಲಿ ಸುಳಿಯಿದೆ, ಈಜು ಬಂದವರೂ ಆ ಜಾಗವನ್ನು ಬಳಸಿ ಹೋಗುತ್ತಾರೆ. ಅತ್ತಿಗೆ ‘ಮಾನಿಸ’ ಎಂಬ ಮಾತನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದರು. ಎದ್ದಾಗಿನಿಂದ ಬೇರೆ ಮಾತೇ ಆಡದೆ ಅದನ್ನು ಕಾಯ್ದುಕೊಂಡು ಬಂದಿದ್ದೆ ಎಂದು ಆಮೇಲೆ ನನಗೆ ಹೇಳಿದರು. ಆದರೆ ಮಗಳು ಎಡವಿದ್ದನ್ನು ಕಂಡ ಗಳಿಗೆಯಲ್ಲಿ ಅದು ಎಲ್ಲಿ ಹೋಯಿತೋ.

‘ಏ ಸೇವಂತೀ,’ ಎಂದು ಅವರು ಕೂಗಿದರು. ‘ಓಡಬ್ಯಾಡ. ಮನಶ್ಯಾರಂಗ ನಡಿ. ಹೇಳೀನಿಲ್ಲೋ ನಿನಗ, ಮನಶ್ಯಾರಂಗ ನಡಿ ಅಂತ.’

ಹಗ್ಗ ಬಿಗಿಯಿತು. ಆ ದಡದಿಂದ ಈ ದಡದವರೆಗೆ ಹಲಗೆಗಳೆಲ್ಲ ಒಟ್ಟಿಗೆ ಟಕ್ಕೆಂದು ಸರಿಯಾಗಿ ಕೂತವು. ಸೇವಂತಿ ನಡುವೆ ಒಂದು ಚಪ್ಪಲಿಯಲ್ಲಿ ನೆಟ್ಟಗೆ ನಿಂತಿದ್ದಳು. ಅವಳಿಗಿಂತ ಮೊದಲು ಅವಳ ಕಾಲಿಗೆ ವಿಷಯ ತಿಳಿದಂತಿತ್ತು. ಅಮ್ಮ ಹೇಳಿದ ಹಾಗೆಯೇ, ಒಂದರ ಮುಂದೊಂದು ಹೆಜ್ಜೆ ಇಡತೊಡಗಿದಳು.

ನಾನು ಈಚೆ ದಡದಲ್ಲಿ ಇದ್ದಲ್ಲಿಯೇ ಕುಳಿತುಬಿಟ್ಟೆ. ಆ ಮಾತು ನನಗೂ ಹೊಸದಾಗಿರಲಿಲ್ಲ. ನಮ್ಮ ಮನೆಯಲ್ಲಿ ಬೆಳಗಾದರೆ ಅದು ಶುರುವಾಗುತ್ತಿತ್ತು. ಮನಶ್ಯಾರಂಗ ಉಣ್ಣು, ಮನಶ್ಯಾರಂಗ ಕುಂದ್ರು, ಮನಶ್ಯಾರಂಗ ತಲಿ ಬಾಚಿಕೊಂಡು ಸಾಲಿಗೆ ಹೋಗು. ಹುಡುಗಿ ಸ್ವತಃ ಆಡುತ್ತಿದ್ದುದು ಹೊಳೆಕೇರಿಯ ಮಾತನ್ನೇ. ಅವಳ ಬಾಯಲ್ಲಿ ದಿಬ್ಬದ ಓಣಿಯ ಒಂದು ಮಾತೂ ಇರಲಿಲ್ಲ. ಆದರೆ ಅವಳ ಮೇಲೆ ದಿನಕ್ಕೆ ಎಷ್ಟೋ ಸಲ ಬಿದ್ದ ಮಾತು ಅದು. ಬೈಗುಳವೆಂದು ಅವಳೂ ತಿಳಿದಿದ್ದಳು, ನಾವೂ ತಿಳಿದಿದ್ದೆವು. ಅದಕ್ಕೇ ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಆಚೆ ದಡದಲ್ಲಿ ಅಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಜನ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ದಿಬ್ಬದ ಓಣಿಯಿಂದ ಬಂದಿದ್ದ ಹೆಂಗಸರು, ಆಮೇಲೆ ಹಾಲಿನವರು. ಅಪರೂಪಕ್ಕೆ ಒಂದು ಮಗು ತಂದೆಯ ಮಾತು ಬಿಟ್ಟು ತಾಯಿಯ ಮಾತು ಹಿಡಿಯುವುದುಂಟೆಂದು ಹಳಬರು ಹೇಳುವುದಿತ್ತು. ತಾಯಿಯ ರಕ್ತ ಜೋರಾಗಿದ್ದರೆ ಹಾಗಾಗುತ್ತದೆಂದು ಅವರ ಲೆಕ್ಕ. ತಿಪ್ಪಯ್ಯ ತನ್ನ ಕಾಲದಲ್ಲಿ ಇದು ಎರಡನೆಯದೆಂದು ಅಕ್ಕಪಕ್ಕದವರಿಗೆ ತಿಳಿಸುತ್ತಿದ್ದ. ಹೆದರಿಕೆ ಇಳಿದ ಕೂಡಲೇ ಅವನ ಹಳೆಯ ನಾಲಗೆ ತಿರುಗಿ ಬಂದಿತ್ತು.

‘ನೀನು ಯಾಕೆ ಬಾಯಿ ಬಿಡ್ಲಿಲ್ಲ ಅಂತ ಈಗ ತಿಳೀತು ಕಣಪ್ಪ ಚೆನ್ನಿಗಪ್ಪ,’ ಎಂದ. ‘ನಿಮ್ಮನೇಲಿ ಮಾತೆಲ್ಲ ಇವಳದೇ. ನೀನು ಪಾಪ, ಒಂದು ‘ಮನ್ಸ’ ಅನ್ನಾದ್ರೂ ಆ ಮಗೀನ ಕಿವೀಗೆ ಹಾಕಿದ್ಯೋ ಇಲ್ವೋ.’

ಅಣ್ಣ ಟವೆಲಿನ ಒಳಗಿನಿಂದಲೇ ಇಲ್ಲ ಎಂದು ತಲೆಯಾಡಿಸಿದ. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಇಲ್ಲಿಂದ ಕಾಣುತ್ತಿರಲಿಲ್ಲ. ಹುಡುಗಿ ಕೊನೆಯ ಹಲಗೆ ದಾಟಿ ಕಾಲು ನೆಲಕ್ಕೆ ಇಟ್ಟಳು. ಅತ್ತಿಗೆ ಕಂಬ ಬಿಟ್ಟು ಅವಳನ್ನು ಹಿಡಿದುಕೊಂಡರು. ಹಿಡಿದುಕೊಂಡು, ಹೊಸ ಚಪ್ಪಲಿ ಕಳೆದದ್ದಕ್ಕೆ, ಲಂಗಕ್ಕೆ ಕೆಸರಾದದ್ದಕ್ಕೆ, ಹಿರಿಯರ ಕೈ ಬಿಡಿಸಿಕೊಂಡು ಓಡಿದ್ದಕ್ಕೆ ಒಂದೊಂದಾಗಿ ಬೈದರು. ಸೇವಂತಿ ಅಮ್ಮನ ಸೆರಗಿನಲ್ಲಿ ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತ, ಆಯ್ತು ಬಿಡವ್ವ, ಗಂಟೆ ಹೊಡೆದುಬಿಡ್ತಾರೆ ಎಂದಳು. ತರಕಾರಿಯ ಹೆಂಗಸೊಬ್ಬಳು ತನ್ನ ಚಪ್ಪಲಿಯನ್ನು ಬಿಚ್ಚಿ ಅವಳ ಮುಂದೆ ತಳ್ಳಿದಳು.

ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದ್ದರೆ ಸೇತುವೆಯ ಮೇಲೆ ಮುಂದಿನವರನ್ನು ಕರೆಯುವ ಹಾಗಿಲ್ಲ. ತಂದೆ ಹೇಳದಿದ್ದುದನ್ನು ಕರೆಗಾರನೇ ಹೇಳಿ ಮುಗಿಸಬೇಕು. ತಿಪ್ಪಯ್ಯ ರುಮಾಲು ಸರಿಮಾಡಿಕೊಂಡು ಕಲ್ಲಿನ ಮೇಲೆ ಹತ್ತಿದ. ತರಕಾರಿಯವರು ಬುಟ್ಟಿಗೆ ಕೈಹಾಕಿದವರು ಹಾಗೆಯೇ ನಿಂತರು. ಅತ್ತಿಗೆ ಬೈಯುವುದನ್ನು ನಿಲ್ಲಿಸಿ, ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ತಿಪ್ಪಯ್ಯನನ್ನೇ ನೋಡಿದರು. ಅವನು ಮೊದಲು ತನ್ನ ದಡಕ್ಕೆ, ಆಮೇಲೆ ನಮ್ಮ ದಡಕ್ಕೆ, ಎರಡು ಸಲವೂ ಒಂದೇ ಅಳತೆಯ ದನಿಯಲ್ಲಿ ಸಾರಿದ:

‘ಕೇಳ್ರಪ್ಪಾ ಎಲ್ಲಾರೂ. ಸೇವಂತಿ ಕಾಶವ್ವನ ಮಗಳು.’